ಚೊಚ್ಚಲ ಸಂಕಲನ ಮತ್ತು ಹೊನ್ನಶೂಲ

ಕನ್ನಡದಲ್ಲಿ ಹೊಸ ಕಥೆಗಾರರೊಬ್ಬರನ್ನು ಮುಗಿಸಬೇಕೆಂದಿದ್ದರೆ ಅವರನ್ನು ಬೈಯಬೇಕಾಗಿಲ್ಲ. ಒಂದು ಮುನ್ನುಡಿ ಬರೆದುಕೊಟ್ಟರೆ ಸಾಕು. "ಭರವಸೆಯ ದನಿ", "ಕನ್ನಡ ಕಥಾಲೋಕಕ್ಕೆ ಹೊಸ ಬೆಳಕು", "ಅನನ್ಯ ಒಳನೋಟ" – ಈ ಮೂರು ಮಾತುಗಳನ್ನು ಹಿಂದುಮುಂದಾಗಿ ಜೋಡಿಸಿ ಐದು ಪುಟ ತುಂಬಿಸಿ, ಕೊನೆಗೆ ಶುಭ ಹಾರೈಸಿ ಸಹಿ ಹಾಕಿದರೆ ಕೆಲಸ ಆಯಿತು. ಬರೆದವರು ಅದನ್ನು ಓದಿ ಹಿಗ್ಗುತ್ತಾರೆ, ನಂಬುತ್ತಾರೆ, ಅದೇ ಸೀಮೆಯಲ್ಲಿ ಇನ್ನೂ ಹದಿನೈದು ಕಥೆ ಬರೆಯುತ್ತಾರೆ. ಮೂರನೆಯ ಪುಸ್ತಕದ ಹೊತ್ತಿಗೆ ಯಾರೂ ಓದುತ್ತಿಲ್ಲ ಎಂಬುದು ಅವರಿಗೆ ಗೊತ್ತಾಗುತ್ತದೆ. ಯಾಕೆ ಓದುತ್ತಿಲ್ಲ ಎಂಬುದು ಮಾತ್ರ ಗೊತ್ತಾಗುವುದಿಲ್ಲ, ಏಕೆಂದರೆ ಅದನ್ನು ಹೇಳಬೇಕಾಗಿದ್ದವರು ಮೊದಲ ಪುಸ್ತಕದಲ್ಲೇ ಹಾರ ಹಾಕಿ ಮನೆಗೆ ಹೋಗಿದ್ದಾರೆ.

ಇದನ್ನು ಸುಮ್ಮನೆ ಊಹಿಸಿ ಬರೆಯುತ್ತಿಲ್ಲ. ಈಚೆಗೆ ನನ್ನ ಕೈಗೊಂದು ಚೊಚ್ಚಲ ಕಥಾಸಂಕಲನ ಬಂತು. ಬರೆದವಳು ಒಂದು ಕಾಲಕ್ಕೆ ನನ್ನ ಎಂಟನೆಯ ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ, ಈಗ ವೈಟ್‌ಫೀಲ್ಡ್ ಕಡೆಯ ಕಂಪನಿಯೊಂದರಲ್ಲಿ ಉದ್ಯೋಗಿ. ಹೆಸರು ಬೇಡ, ಇಲ್ಲಿ ತಕರಾರು ಇರುವುದು ಅವಳ ಮೇಲಲ್ಲ. ಸಿಂಗಯ್ಯನಪಾಳ್ಯದಲ್ಲಿ ಮೆಟ್ರೋ ಹತ್ತಿ ಪುಸ್ತಕ ಬಿಡಿಸಿದೆ. ಮೊದಲು ಒಂದು ಮುನ್ನುಡಿ, ಆಮೇಲೆ ಇನ್ನೊಬ್ಬ ಹಿರಿಯರ ಹಾರೈಕೆ, ಪ್ರಕಾಶಕರ ಮಾತು, ಲೇಖಕಿಯ ಮಾತು, ಎರಡು ಪುಟ ಕೃತಜ್ಞತೆ. ಕಥೆ ಶುರುವಾಗುವ ಹೊತ್ತಿಗೆ ಗಾಡಿ ಹಲಸೂರು ದಾಟಿತ್ತು.

ಹದಿನಾಲ್ಕು ಕಥೆಗಳಲ್ಲಿ ಮೂರು ನಿಜವಾಗಿ ಒಳ್ಳೆಯವು. ಮೊದಲ ಪುಸ್ತಕದಲ್ಲಿ ಮೂರು ಒಳ್ಳೆಯ ಕಥೆ ಎಂದರೆ ಸಣ್ಣ ಮಾತಲ್ಲ. ಅದರಲ್ಲೊಂದು ನೀರಿನ ಟ್ಯಾಂಕರ್ ಓಡಿಸುವವನ ಕಥೆ. 2024ರ ಬೇಸಿಗೆಯಲ್ಲಿ ನಮ್ಮ ಮಹದೇವಪುರದ ಕಡೆ ಬದುಕಿದವರಿಗೆ ಟ್ಯಾಂಕರ್ ಎಂದರೇನೆಂದು ವಿವರಿಸಬೇಕಾಗಿಲ್ಲ. ಕಥೆಯ ಮನುಷ್ಯ ಹಗಲೆಲ್ಲ ಅಪಾರ್ಟ್‌ಮೆಂಟುಗಳಿಗೆ ನೀರು ಹೊಡೆದು, ರಾತ್ರಿ ಮನೆಗೆ ಒಂದು ಬಿಂದಿಗೆ ತರುತ್ತಾನೆ. ಮುದುಕಿ ತಾಯಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಇದು ನಮ್ಮ ತೋಟದ ನೀರು ಕಣೋ" ಎನ್ನುತ್ತಾಳೆ. ಆ ತೋಟ ಮಾರಿ ಹತ್ತು ವರ್ಷವಾಗಿದೆ. ಓದುತ್ತಿದ್ದವಳಿಗೆ ಕೈ ನಿಂತುಹೋಯಿತು. ಕಥೆ ಅಲ್ಲಿಗೆ ಮುಗಿದಿದೆ.

ಆದರೆ ಪುಟದಲ್ಲಿ ಮುಗಿದಿಲ್ಲ. ಕೆಳಗೆ ಇನ್ನೊಂದು ಪ್ಯಾರಾ ಇದೆ. ನಗರೀಕರಣದ ಭೂತ ರೈತನ ಬಾಯಿಂದ ನೀರನ್ನು ಕಸಿದು ಅವನಿಗೇ ಮಾರುತ್ತಿದೆ, ಅಭಿವೃದ್ಧಿಯ ಹೆಸರಿನಲ್ಲಿ ಇನ್ನೆಷ್ಟು ಬಲಿ, ಎಂದು ಮುಂತಾಗಿ. ಆ ಮುದುಕಿ ಒಂದೇ ಮಾತಿನಲ್ಲಿ ಹೇಳಿದ್ದನ್ನು ಭಾಷಣಕಾರರೊಬ್ಬರು ಬಂದು ಮೈಕು ಹಿಡಿದು ಮತ್ತೆ ಹೇಳಿದ ಹಾಗೆ. ಇದರ ತಮಾಷೆ ಕೇಳಿ: ಮುನ್ನುಡಿ ಬರೆದವರು ಇಡೀ ಪುಸ್ತಕದಲ್ಲಿ ಎತ್ತಿ ಉದ್ಧರಿಸಿ ಮೆಚ್ಚಿರುವುದು ಈ ಪ್ಯಾರಾವನ್ನೇ!

ಹುಡುಗಿ ಮನೆಗೆ ಬಂದಾಗ ಕೇಳಿದೆ. "ಮಿಸ್, ಅದನ್ನ ನಾನು ಮೊದಲು ಬರೆದಿರಲಿಲ್ಲ. ಸಂದೇಶ ಸ್ಪಷ್ಟವಾಗಬೇಕು ಅಂತ ಅವರೇ ಹೇಳಿದ್ರು, ಸೇರಿಸಿದೆ" ಎಂದಳು.

ನನಗೆ ಸಿಟ್ಟು ಬಂದದ್ದು ಅಲ್ಲಿ. ಈ ಹುಡುಗಿಗೆ ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಹುಟ್ಟಿನಿಂದ ಇತ್ತು. ಕಥೆ ಬರೆಯುವ ಕಲೆಯಲ್ಲಿ ಕಲಿಸಲಾಗದ್ದು ಯಾವುದಾದರೂ ಇದ್ದರೆ ಅದು ಇದೇ. ಅದನ್ನು ಹಿರಿಯರೊಬ್ಬರು ಕೆಡಿಸಿ, ಕೆಡಿಸಿದ್ದಕ್ಕೆ ಬೆನ್ನು ತಟ್ಟಿದ್ದಾರೆ. ನಮ್ಮ ಶಾಲೆಗಳೂ ಇದರಲ್ಲಿ ನಿರಪರಾಧಿಗಳಲ್ಲ. ಪ್ರತಿ ಪಾಠದ ಕೊನೆಯಲ್ಲಿ "ಈ ಕಥೆಯ ನೀತಿಯೇನು?" ಎಂಬ ಪ್ರಶ್ನೆ ಕೇಳಿ ಕೇಳಿ ಮಕ್ಕಳಿಗೆ ನೀತಿಯಿಲ್ಲದ ಕಥೆ ಬಾಲವಿಲ್ಲದ ಹಸುವಿನಂತೆ ಕಾಣುತ್ತದೆ. ಆದರೆ ಶಾಲೆ ಬಿಟ್ಟು ಇಪ್ಪತ್ತು ವರ್ಷವಾದವರಿಗೂ ಅದೇ ಪ್ರಶ್ನೆ ಕೇಳುವ ಹಕ್ಕು ವಿಮರ್ಶಕರಿಗೆ ಯಾರು ಕೊಟ್ಟರು?

ಎರಡನೆಯ ಮಾತು ಆಡುನುಡಿಯದು. ಆ ಮುದುಕಿ ಕೊನೆಯ ಮಾತನ್ನು ಬಿಟ್ಟರೆ ಉಳಿದ ಕಡೆಯೆಲ್ಲ "ಏನ್ಲಾ ಮಗ", "ಬುಡ್ಲಾ" ಎನ್ನುತ್ತಾಳೆ. ಇದು ಮಂಡ್ಯದ ಕಡೆಯ ಮಾತು, ಅದೂ ಸಿನಿಮಾದಿಂದ ಬಂದ ಮಂಡ್ಯ. ಹಳೆಯ ಮಹದೇವಪುರ, ಹೂಡಿ, ಗರುಡಾಚಾರ್‌ಪಾಳ್ಯದ ಮನೆಗಳಲ್ಲಿ ಅಜ್ಜಿಯರು ಹಾಗೆ ಮಾತಾಡುವುದಿಲ್ಲ. ಅವರಲ್ಲಿ ಹಲವರಿಗೆ ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ, ತರಕಾರಿ ಚೌಕಾಸಿಗೆ ತಮಿಳು. ನನ್ನ ತರಗತಿಯಲ್ಲಿ ಈಗ ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಅವರು ಈ ಊರಿನ ಮಕ್ಕಳ ಜೊತೆ ಸೇರಿ ಆಡುವ ಕನ್ನಡವನ್ನು ನಾನಿನ್ನೂ ಯಾವ ಕಥೆಯಲ್ಲೂ ಓದಿಲ್ಲ. ಅದು ಕಿವಿಗೆ ಬಿದ್ದವರು ಬರೆಯಬೇಕು. ಮುನ್ನುಡಿಯಲ್ಲಾದರೋ "ಗ್ರಾಮೀಣ ಸೊಗಡಿನ ಭಾಷೆ" ಎಂದು ಒಂದು ಸಾಲು ಹೊಗಳಿಕೆ ಬಿದ್ದಿದೆ. ಯಾವ ಗ್ರಾಮ ಸ್ವಾಮಿ? ಯಾವ ಸೊಗಡು?

ದೇವನೂರ ಮಹಾದೇವರ 'ದ್ಯಾವನೂರು' 1973ರಲ್ಲಿ ಬಂದಾಗ ಅವರೂ ಹೊಸಬರೇ, ಇಪ್ಪತ್ತರ ಹರೆಯದ ಹುಡುಗ. ಆ ತೆಳ್ಳನೆಯ ಪುಸ್ತಕದಲ್ಲಿ ಒಂದು ಊರಿನ, ಒಂದು ಕೇರಿಯ ಮಾತು ಮಾತ್ರ ಇತ್ತು, "ಗ್ರಾಮೀಣ" ಎಂಬ ಸಾಮಾನ್ಯ ಸರಕಲ್ಲ. ಅವರು ಜೀವಮಾನದಲ್ಲಿ ಬರೆದ ಕಥೆ ಕಾದಂಬರಿಗಳನ್ನೆಲ್ಲ ಒಟ್ಟಿಗೆ ಇಟ್ಟರೂ ಈಗಿನವರ ಒಂದು ಸಂಕಲನದಷ್ಟು ದಪ್ಪವಾದೀತು. ಇನ್ನು ನಮ್ಮ ಕೆ.ಆರ್.ಪುರದಿಂದ ರೈಲು ಹತ್ತಿದರೆ ಸಿಗುವ ಮಾಲೂರಿನ ಸೀಮೆಯವರೇ ಮಾಸ್ತಿ. ಮನೆಮಾತು ತಮಿಳು. 'ಕೆಲವು ಸಣ್ಣ ಕಥೆಗಳು' ಪ್ರಕಟವಾದದ್ದು 1920ರಲ್ಲಿ. ಮನೆಯಲ್ಲಿ ಬೇರೆ ಭಾಷೆಯಿದ್ದರೆ ಕನ್ನಡದ ಕಥೆಗಾರರಾಗಲು ತೊಡಕೆಂದು ಹೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

"ಪ್ರೋತ್ಸಾಹ ಬೇಡವೇ ಮೇಡಂ? ಓದುವವರೇ ಕಡಿಮೆ, ಬರೆಯುವವರನ್ನೂ ಹೆದರಿಸಿದರೆ ಕನ್ನಡದ ಗತಿ?" ಎಂದು ಸಭೆಗಳಲ್ಲಿ ಕೇಳುತ್ತಾರೆ. ತಪ್ಪು ಬರೆದ ಹುಡುಗನಿಗೆ ಹತ್ತಕ್ಕೆ ಹತ್ತು ಹಾಕುವ ಮೇಷ್ಟರನ್ನು ಪ್ರೋತ್ಸಾಹಕ ಎನ್ನುವುದಿಲ್ಲ, ಸೋಮಾರಿ ಎನ್ನುತ್ತಾರೆ. ಮೂವತ್ತು ಸಾಲಿನ ಪ್ರಬಂಧ ತಿದ್ದುವುದಕ್ಕೆ ಕಾಲು ಗಂಟೆ ಬೇಕು, ಹತ್ತು ಅಂಕ ಹಾಕುವುದಕ್ಕೆ ಒಂದು ಕ್ಷಣ. ಮುನ್ನುಡಿಯಲ್ಲೂ ಲೆಕ್ಕ ಅದೇ. ಹೊಗಳುವುದಕ್ಕೆ ಪುಸ್ತಕ ಓದಲೇಬೇಕೆಂದಿಲ್ಲ.

ಹೆಂಗಸರ ಪುಸ್ತಕವಾದರೆ ಹೊಗಳಿಕೆಗೆ ಇನ್ನೊಂದು ಬಣ್ಣ. "ಸಂಸಾರದ ಜಂಜಾಟದ ನಡುವೆಯೂ", "ಉದ್ಯೋಗ, ಮನೆ ಎರಡನ್ನೂ ತೂಗಿಸಿಕೊಂಡು". ಗಂಡಸೊಬ್ಬರ ಕಥಾಸಂಕಲನಕ್ಕೆ "ಬ್ಯಾಂಕಿನ ಕೆಲಸದ ನಡುವೆಯೂ, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು" ಎಂದು ಬರೆದ ಮುನ್ನುಡಿಯನ್ನು ಯಾರಾದರೂ ನೋಡಿದ್ದೀರಾ? ಈ ಮಾತಿನ ಒಳಗೆ ಒಂದು ರಿಯಾಯಿತಿ ಇದೆ: ಪಾಪ, ಇಷ್ಟಾದರೂ ಬರೆದಿದ್ದಾಳಲ್ಲ. ಕೊಡಗಿನ ಗೌರಮ್ಮ 1939ರಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ಗಂಡನ ಹೆಸರಿನ ಹಿಂದೆ ನಿಂತು ಮಿಸೆಸ್ ಬಿ.ಟಿ.ಜಿ. ಕೃಷ್ಣ ಎಂದು ಸಹಿ ಹಾಕುತ್ತಿದ್ದವರು. 'ಕಂಬನಿ' ಬಂದದ್ದು ಅವರು ಹೋದ ಮೇಲೆ. ಇವತ್ತೂ ಆ ಕಥೆಗಳು ಓದಿಸಿಕೊಳ್ಳುತ್ತಿರುವುದು ರಿಯಾಯಿತಿಯಿಂದಲ್ಲ.

ಹಿಂದೆ ಕಥೆ ಪುಸ್ತಕಕ್ಕೆ ಹೋಗುವ ಮೊದಲು ಪತ್ರಿಕೆಯ ಬಾಗಿಲು ಹಾಯಬೇಕಿತ್ತು. 'ಸುಧಾ', 'ಮಯೂರ', 'ತುಷಾರ', 'ಕಸ್ತೂರಿ'ಗಳಿಗೆ ಕಳಿಸುವಾಗ ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆ ಜೊತೆಗಿಡಬೇಕು. ಆ ಲಕೋಟೆ ದಪ್ಪಗಾಗಿ ಮರಳಿತೆಂದರೆ ಕಥೆ ವಾಪಸ್. ಸಂಪಾದಕರ ಎಲ್ಲ ತೀರ್ಪೂ ಸರಿಯಿತ್ತೆಂದು ನಾನು ಹೇಳಲಾರೆ, ಅಲ್ಲೂ ಜಾತಿ ಇತ್ತು, ಊರು ಇತ್ತು, ಪರಿಚಯ ಇತ್ತು. ಆದರೂ ಬೇಡ ಎನ್ನುವ ಒಬ್ಬ ಅಪರಿಚಿತ ಇದ್ದ. ಈಗ ಕಥೆ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಅಲ್ಲಿ ಮೂವತ್ತು ಜನ ಚಪ್ಪಾಳೆಯ ಚಿತ್ರ ಒತ್ತುತ್ತಾರೆ, ಅಲ್ಲಿಂದ ನೇರ ಮುದ್ರಣಾಲಯ. ನೂರೇ ಪ್ರತಿ ಬೇಕೆಂದರೂ ಅಚ್ಚು ಹಾಕಿಕೊಡುವ ಕಾಲ ಇದು.

ಕಳೆದ ವರ್ಷದಿಂದ ಬಾನು ಮುಷ್ತಾಕ್ ಅವರ ಹೆಸರು ಹೇಳದೆ ಯಾವ ಪುಸ್ತಕ ಬಿಡುಗಡೆಯೂ ಮುಗಿಯುವುದಿಲ್ಲ. 2025ರ ಮೇ ತಿಂಗಳಲ್ಲಿ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದದ್ದು ನಮಗೆಲ್ಲ ಹಬ್ಬವೇ. ಸಣ್ಣಕಥೆಗಳ ಸಂಕಲನಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಆದರೆ ಭಾಷಣ ಮಾಡುವವರು ಒಂದು ಸಂಗತಿಯನ್ನು ಬಿಡುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ, ಆರು ಸಂಕಲನಗಳಲ್ಲಿ ಹರಡಿದ್ದ ಐವತ್ತಕ್ಕೂ ಮಿಕ್ಕಿದ ಕಥೆಗಳಿಂದ ಅನುವಾದಕಿ ದೀಪಾ ಭಾಸ್ತಿ ಆರಿಸಿದ್ದು ಹನ್ನೆರಡನ್ನು. ಅಂದರೆ ಮುಕ್ಕಾಲು ಪಾಲು ಪಕ್ಕಕ್ಕಿಟ್ಟರು. ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸದೆ ಹಾಗೆಯೇ ಬಿಟ್ಟರು. ಅನುಭವಿ ಲೇಖಕಿಯ ಕಥೆಗಳಿಗೇ ಅಷ್ಟು ಆಯ್ಕೆ, ಅಷ್ಟು ಹಠ ಬೇಕಾಯಿತು. ನಮ್ಮ ಚೊಚ್ಚಲ ಸಂಕಲನಗಳಲ್ಲಿ ಬರೆದದ್ದೆಲ್ಲ ಅಚ್ಚಾಗುತ್ತದೆ.

ಅಚ್ಚಾಗುವುದಕ್ಕೆ ಸಾಹಿತ್ಯದ್ದಲ್ಲದ ಕಾರಣವೂ ಇದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಎಂಟು ಗಟ್ಟಿ ಕಥೆಗಳ ಎಂಬತ್ತು ಪುಟಕ್ಕಿಂತ ಹದಿನಾಲ್ಕು ಸಡಿಲ ಕಥೆಗಳ ನೂರಾ ಅರವತ್ತು ಪುಟ ಪ್ರಕಾಶಕರಿಗೆ ಲಾಭ. ಮುನ್ನುಡಿಯೂ ಪುಟವೇ! ಇಂಥ ವ್ಯವಸ್ಥೆಯಲ್ಲಿ "ಈ ನಾಲ್ಕು ಕಥೆ ತೆಗೆಯಿರಿ" ಎನ್ನುವವರು ಪ್ರಕಾಶಕರ ಜೇಬಿಗೆ ಕೈ ಹಾಕಿದಂತೆ.

ಒಳ್ಳೆಯದೂ ನಡೆದಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ವಸುಧೇಂದ್ರ ಅವರು ಕಟ್ಟಿದ ಛಂದ ಪುಸ್ತಕ, ಇನ್ನೂ ಸಂಕಲನ ತಾರದ ಕಥೆಗಾರರಿಂದ ಹಸ್ತಪ್ರತಿ ತರಿಸಿ, ಆರಿಸಿ, ಬಹುಮಾನ ಕೊಟ್ಟು ಪ್ರಕಟಿಸುವ ಪದ್ಧತಿ ಇಟ್ಟುಕೊಂಡಿತು. ಹಸ್ತಪ್ರತಿಯ ಹಂತದಲ್ಲೇ ಯಾರೋ ಓದಿ ಬೇಡ ಅಥವಾ ಬೇಕು ಎನ್ನುವುದು ಮುಖ್ಯ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಪಡೆದ ಕಥಾಸಂಕಲನಗಳನ್ನೇ ನೋಡಿ – 2020ರಲ್ಲಿ ಸ್ವಾಮಿ ಪೊನ್ನಾಚಿಯವರ 'ಧೂಪದ ಮಕ್ಕಳು', 2023ರಲ್ಲಿ ಮಂಜುನಾಯಕ ಚಳ್ಳೂರು ಅವರ 'ಫೂ ಮತ್ತು ಇತರ ಕಥೆಗಳು'. ಬೆಂಗಳೂರಿನಿಂದ ದೂರದ ಊರುಗಳ ಹುಡುಗರು. ಪ್ರತಿಭೆಗೆ ಬರವಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿ ಎರಡನೆಯ ಸಂಕಲನಕ್ಕೆ ಮುನ್ನುಡಿ ಬರೆದುಕೊಡಿ ಎಂದು ಕೇಳಿದ್ದಾಳೆ. ಬರೆಯುವುದಿಲ್ಲ ಎಂದಿದ್ದೇನೆ. ಹಸ್ತಪ್ರತಿ ಕೊಡು, ಪೆನ್ಸಿಲ್ ಹಿಡಿದು ಕೂರುತ್ತೇನೆ, ಒಪ್ಪದಿದ್ದರೆ ಅಳಿಸಿಕೋ ಎಂದೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು, ಕೊಡುತ್ತೇನೆಂದು ಹೋದಳು. ನೋಡಬೇಕು.

ಇದು ಒಬ್ಬಿಬ್ಬರ ಪೆನ್ಸಿಲ್ಲಿನಿಂದ ಆಗುವ ಕೆಲಸವಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಇಟ್ಟಿದೆ, ಒಳ್ಳೆಯ ಯೋಜನೆ. ಆ ಹಣದಲ್ಲಿ ಒಂದು ಪಾಲನ್ನು ಹಸ್ತಪ್ರತಿ ತಿದ್ದುವವರ ಸಂಭಾವನೆಗೆಂದು ಬೇರೆ ತೆಗೆದಿಡಲಿ. ಪುಸ್ತಕದ ಎರಡನೆಯ ಪುಟದಲ್ಲಿ ಮುಖಪುಟ ಬರೆದವರ ಹೆಸರಿನ ಕೆಳಗೆ, ಅಕ್ಷರ ಜೋಡಿಸಿದವರ ಹೆಸರಿನ ಮೇಲೆ, ಹಸ್ತಪ್ರತಿ ಓದಿ ತಿದ್ದಿದವರ ಹೆಸರೂ ಅಚ್ಚಾಗಲಿ. ಹೆಸರು ಅಚ್ಚಾಗುತ್ತದೆ ಎಂದರೆ ನಮ್ಮ ಹಿರಿಯರು ಓದದೆ ಇರುತ್ತಾರೆಯೇ?