ಬ್ರೆಜಿಲ್‌ನ ನಿಂಬೆ ಕಾಕ್‌ಟೇಲ್: ಶೀತಕ್ಕೆ ಮದ್ದಲ್ಲ, ಬಿಸಿಲಲ್ಲಿ ಕೈ ಸುಡುವುದು ಮಾತ್ರ ನಿಜ

ನಿಂಬೆ ಮತ್ತು ಮದ್ಯ ಬೆರೆಸಿ ಕುಡಿದರೆ ಶೀತ, ಜ್ವರ ಓಡಿಹೋಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಬ್ರೆಜಿಲ್‌ನ ಪ್ರಸಿದ್ಧ ಪಾನೀಯ ಕೈಪಿರಿನ್ಯಾಕ್ಕೂ ಇಂಥದೇ ಹಿನ್ನೆಲೆ ಹೇಳುತ್ತಾರೆ. 1918ರ ಸ್ಪ್ಯಾನಿಷ್ ಫ್ಲೂ ಸಮಯದಲ್ಲಿ ಸಾವೊ ಪಾಲೊ ಭಾಗದ ಜನ ನಿಂಬೆ, ಬೆಳ್ಳುಳ್ಳಿ, ಜೇನುತುಪ್ಪಕ್ಕೆ ಕಶಾಸಾ ಬೆರೆಸಿ ಔಷಧಿಯಾಗಿ ಕುಡಿಯುತ್ತಿದ್ದರು, ಮುಂದೆ ಅದೇ ಕಾಕ್‌ಟೇಲ್ ಆಯಿತು ಎಂಬುದು ಅಲ್ಲಿನ ಪ್ರಚಲಿತ ಕಥೆ.

ಕಶಾಸಾ ಎಂದರೆ ತಾಜಾ ಕಬ್ಬಿನ ಹಾಲನ್ನು ಹುದುಗಿಸಿ ಭಟ್ಟಿ ಇಳಿಸಿದ ಮದ್ಯ. ಬ್ರೆಜಿಲ್ ಕಾನೂನಿನ ಪ್ರಕಾರ ಅದರಲ್ಲಿ ಶೇ. 38ರಿಂದ 48ರಷ್ಟು ಆಲ್ಕೋಹಾಲ್ ಇರಬೇಕು. ರಮ್ ಹೆಚ್ಚಾಗಿ ಕಾಕಂಬಿಯಿಂದ ತಯಾರಾಗುತ್ತದೆ, ಹಾಗಾಗಿ ಎರಡರ ರುಚಿ ಬೇರೆ.

ಮನೆಯಲ್ಲಿ ಮಾಡುವ ಕ್ರಮ ಸರಳ. ಒಂದು ಹಸಿರು ನಿಂಬೆಯನ್ನು ತುಂಡು ಮಾಡಿ, ನಡುವಿನ ಬಿಳಿ ದಿಂಡು ತೆಗೆದು (ಕಹಿ ಇರುವುದು ಅಲ್ಲಿ), ನಾಲ್ಕು ಟೀ ಚಮಚ ಸಕ್ಕರೆ ಹಾಕಿ ಲೋಟದಲ್ಲೇ ಮೆಲ್ಲಗೆ ಜಜ್ಜುತ್ತಾರೆ. ನಂತರ ಐಸ್, 60 ಮಿ.ಲೀ. ಕಶಾಸಾ. ಸಕ್ಕರೆಯ ಹರಳುಗಳು ಸಿಪ್ಪೆಯನ್ನು ಉಜ್ಜಿ ಎಣ್ಣೆಯಂಶ ಹೊರತೆಗೆಯುತ್ತವೆ. ಘಮ ಬರುವುದು ರಸಕ್ಕಿಂತ ಈ ಎಣ್ಣೆಯಿಂದಲೇ. ಜೋರಾಗಿ ಜಜ್ಜಿದರೆ ಮಾತ್ರ ಕಹಿಯಾಗುತ್ತದೆ.

ಇದು ವೈರಸ್ ಕೊಲ್ಲುತ್ತದೆಯೇ? ಇಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೇ ಕನಿಷ್ಠ ಶೇ. 60 ಆಲ್ಕೋಹಾಲ್ ಬೇಕು. ಅದೂ ಕೆಲಸ ಮಾಡುವುದು ಚರ್ಮದ ಮೇಲೆ, ದೇಹದೊಳಗೆ ಸೇರಿದ ಸೋಂಕಿನ ಮೇಲೆ ಅಲ್ಲ. 2020ರಲ್ಲಿ ಮದ್ಯ ಕೊರೊನಾದಿಂದ ಕಾಪಾಡುತ್ತದೆ ಎಂಬ ವದಂತಿ ನಂಬಿ ಇರಾನ್‌ನಲ್ಲಿ ನೂರಾರು ಜನ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ಸತ್ತರು. ನಿಂಬೆ ಹಾಕಿದರೆ ಮದ್ಯದ ಪ್ರಭಾವ ಇಳಿಯುತ್ತದೆ ಎಂಬುದೂ ಸುಳ್ಳು. 60 ಮಿ.ಲೀ. ಕಶಾಸಾದಲ್ಲಿ ಸುಮಾರು 19 ಗ್ರಾಂ ಆಲ್ಕೋಹಾಲ್ ಇರುತ್ತದೆ. ಹುಳಿ ಸಿಹಿ ಅದನ್ನು ಮರೆಮಾಡುತ್ತದೆ ಅಷ್ಟೇ. ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಇನ್ನು ಯಾರೂ ಫಾರ್ವರ್ಡ್ ಮಾಡದ ವಿಷಯ, ಕುಡಿಯದವರಿಗೂ ಬೇಕಾದದ್ದು. ಬ್ರೆಜಿಲ್‌ನಲ್ಲಿ ಸಮುದ್ರ ತೀರದಲ್ಲಿ ಕೈಪಿರಿನ್ಯಾ ಮಾಡಿ ಬಿಸಿಲಲ್ಲೇ ಕೂತವರ ಕೈ ಮೇಲೆ ಸುಟ್ಟ ಗಾಯಗಳಾಗುವುದು ಚರ್ಮವೈದ್ಯರಿಗೆ ಚೆನ್ನಾಗಿ ಗೊತ್ತು. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರನೊಕೌಮರಿನ್ ಎಂಬ ರಾಸಾಯನಿಕಗಳಿವೆ. ಇವು ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಚರ್ಮದ ಜೀವಕೋಶಗಳಿಗೆ ಹಾನಿಯಾಗುತ್ತದೆ. ಇದು ಅಲರ್ಜಿ ಅಲ್ಲ, ಯಾರಿಗಾದರೂ ಆಗಬಹುದು. ತಕ್ಷಣ ಏನೂ ಕಾಣುವುದಿಲ್ಲ. ಸುಮಾರು ಒಂದು ದಿನದ ನಂತರ ಕೆಂಪಾಗಿ ಉರಿ ಶುರು, ಎರಡು ಮೂರು ದಿನಕ್ಕೆ ಬೊಬ್ಬೆ. ಆಮೇಲೆ ಉಳಿಯುವ ಕಪ್ಪು ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೋಗುವುದಿಲ್ಲ. ತಡವಾಗಿ ಬರುವುದರಿಂದ ನಿಂಬೆಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಕಲೆ ಹೋಗಲಿ ಎಂದು ಮುಖಕ್ಕೆ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವವರಿಗೂ ಇದೇ ಅಪಾಯ; ಹೊಸ ಕಲೆ ಬಂದೀತು. ನಿಂಬೆ ಹಿಂಡಿದ ಮೇಲೆ ಕೈ, ಉಗುರಿನ ಸಂದು, ಮೊಣಕೈವರೆಗೆ ಸೋಪು ಹಚ್ಚಿ ತೊಳೆದೇ ಹೊರಗೆ ಹೋಗಿ. ಬೊಬ್ಬೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ, ನಿಂಬೆ ಮುಟ್ಟಿದ್ದನ್ನು ತಪ್ಪದೆ ಹೇಳಿ. ರಸ ಮೆತ್ತಿದ ಕೈಯಲ್ಲಿ ಮಗುವನ್ನು ಎತ್ತಿಕೊಂಡು ಬಿಸಿಲಿಗೆ ಹೋದಾಗ, ಮಗುವಿನ ಮೈಮೇಲೆ ಬೆರಳಿನ ಗುರುತು ಮೂಡಿ, ಯಾರೋ ಹೊಡೆದಿದ್ದಾರೆಂದು ವೈದ್ಯರು ಶಂಕಿಸಿದ ಪ್ರಕರಣಗಳೂ ದಾಖಲಾಗಿವೆ.