ಹೊಸತನವಿದ್ದದ್ದು ಕಂತಿನಲ್ಲಿ

ಬಂಡವಾಳವಿಲ್ಲದೆ ಹೊಸದೇನೂ ಸಾಧ್ಯವಿಲ್ಲವೆಂಬ ವಾದಕ್ಕೆ ಬೆಂಗಳೂರಿನ ಸೆಲ್ಕೊ ಸಂಸ್ಥೆ ಉತ್ತರದಂತಿದೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಆರಂಭಿಸಿದ ಈ ಸಂಸ್ಥೆ ಸೌರಫಲಕವನ್ನು ಕಂಡುಹಿಡಿದದ್ದಲ್ಲ; ಅದು ಬದಲಿಸಿದ್ದು ಹಣ ಪಾವತಿಯ ಕ್ರಮವನ್ನು. ತಿಂಗಳಿಗೆ 300 ರೂಪಾಯಿ ಎಂದರೆ ಹಿಂಜರಿಯುವ ಬೀದಿ ವ್ಯಾಪಾರಿ ದಿನಕ್ಕೆ 10 ರೂಪಾಯಿ ಎಂದರೆ ಒಪ್ಪಬಲ್ಲರು. ಮೊತ್ತ ಒಂದೇ, ಆದರೆ ಅವರ ಸಂಪಾದನೆ ಕೈಗೆ ಬರುವುದು ದಿನದಿನವೂ. ಇದನ್ನರಿತು, ಬ್ಯಾಂಕುಗಳ ಮನವೊಲಿಸಿ, ಗ್ರಾಹಕರ ಆದಾಯಕ್ಕೆ ತಕ್ಕ ಕಂತುಗಳನ್ನು ರೂಪಿಸಲಾಯಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು.

ಹಾಗೆಂದು ಕೊರತೆಯನ್ನೇ ಕೊಂಡಾಡುವುದು ತರವಲ್ಲ. ಶಾಖಾ ವ್ಯವಸ್ಥಾಪಕರು ಸಾಲ ನಿರಾಕರಿಸಿದ್ದರೆ ಈ ಜಾಣ್ಮೆ ಕಾಗದದಲ್ಲೇ ಉಳಿಯುತ್ತಿತ್ತು. ನವೋದ್ಯಮಕ್ಕೆ ಹೂಡಿಕೆ ಬೇಕೆಂಬ ಚರ್ಚೆ ಇಂದು ಧಾರಾಳವಾಗಿದೆ; ಅದರ ಬಡ ಗ್ರಾಹಕನಿಗೂ ಸಾಲ ಸಿಗಬೇಕೆಂಬ ಮಾತು ಮಾತ್ರ ಅಪರೂಪ.