ಇದು ಕಾಡಿನ ಎಣ್ಣೆಯಲ್ಲ

ನಮ್ಮ ಭೋಜದ ಹೆಣ್ಣುಮಕ್ಕಳಿಗೆ ಗುಳಿಗೆಯ ಹೆಸರು ಬೇಕಾಗುವುದಿಲ್ಲ, ಬಣ್ಣ ಹೇಳಿದರೆ ಸಾಕು. ರಕ್ತ ಕಡಿಮೆಯಾದರೆ ಕೆಂಪು, ಜ್ವರಕ್ಕೆ ಬಿಳಿ, ಮೊಣಕಾಲಿಗೆ ಹಳದಿ. ಆ ಹಳದಿ ಗುಳಿಗೆಯ ಮೇಲೆ ನನಗೊಂದು ಸಿಟ್ಟಿದೆ. ಗುಳಿಗೆಯ ಮೇಲೆ ಅನ್ನುವುದಕ್ಕಿಂತ, ಅದನ್ನು ನಮಗೆ ಮಾರುವ ರೀತಿಯ ಮೇಲೆ, ಏನು ಎತ್ತ ಎಂದು ಕೇಳದೆ ಸೆರಗಿನಲ್ಲಿ ಕಟ್ಟಿಕೊಂಡು ಬರುವ ನಮ್ಮ ರೀತಿಯ ಮೇಲೆ. ಈ ಸಿಟ್ಟಿನಲ್ಲಿ ಮೊದಲ ಪಾಲು ನನಗೇ ಸಲ್ಲಬೇಕು, ಆದ್ದರಿಂದ ನನ್ನ ಮನೆಯಿಂದಲೇ ಶುರುಮಾಡುತ್ತೇನೆ.

2014ರ ಮಳೆಗಾಲ. ನಮ್ಮ ಅತ್ತೆಯವರಿಗೆ ಆಗ 75 ವರ್ಷ. ದೂಧಗಂಗಾ ವೇದಗಂಗಾ ಕೂಡುವ ಈ ಊರು ಆಚಾರ್ಯ ಶಾಂತಿಸಾಗರ ಮಹಾರಾಜರು ಬೆಳೆದ ಊರು. 1955ರಲ್ಲಿ ಮಹಾರಾಜರು ಕುಂಥಲಗಿರಿಯಲ್ಲಿ ಸಲ್ಲೇಖನ ಹಿಡಿದ ಸುದ್ದಿ ಬಂದಾಗ ಊರಿಗೆ ಊರೇ ಒಲೆ ಹಚ್ಚದೆ ಕೂತಿತ್ತೆಂದು ಅತ್ತೆಯವರು ಹೇಳುತ್ತಿದ್ದರು. ಆಗ ಅವರು ಹದಿನಾರರ ಹುಡುಗಿ. ಅಂದಿನಿಂದ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಿದವರಲ್ಲ. ನೀರು ಸೋಸದೆ ಕುಡಿದವರಲ್ಲ. ಬಟಾಟೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ ಅವರ ಚರಿಗೆಯ ಹತ್ತಿರ ಸುಳಿಯುವಂತಿರಲಿಲ್ಲ. ಜೇನುತುಪ್ಪವನ್ನು ಔಷಧಕ್ಕೆಂದು ಕೊಟ್ಟರೂ ಮುಟ್ಟಲಿಲ್ಲ.

ಅಂಥವರಿಗೆ ಎರಡು ವರ್ಷ, ದಿನಕ್ಕೆರಡರಂತೆ, ನಾನೇ ನನ್ನ ಕೈಯಾರೆ ಮೀನಿನ ಪಿತ್ತಜನಕಾಂಗದ ಎಣ್ಣೆ ನುಂಗಿಸಿದೆ.

ಹೇಗಾಯಿತೆಂದರೆ, ಮೊಣಕಾಲು ಹಿಡಿದು ಬಸದಿಯ ಮೆಟ್ಟಿಲು ಹತ್ತಲಾರದೆ ಅವರು ಒದ್ದಾಡುತ್ತಿದ್ದರು. ಔಷಧದ ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿಯ ಹುಡುಗ ಚಿನ್ನದ ಹನಿಯಂತೆ ಹೊಳೆಯುವ ಗುಳಿಗೆಗಳ ಪಟ್ಟಿ ಕತ್ತರಿಸಿ ಕಾಗದದ ಪಾಕೀಟಿನಲ್ಲಿ ಹಾಕಿಕೊಟ್ಟು, "ಕಾಡ್ ಆಯಿಲ್ ಐತ್ರೀ ಬಾಯಾರ, ಕೀಲಿಗೆ ಭಾಳ ಚಲೋ" ಅಂದ. ಮನೆಗೆ ಬಂದು ಅದನ್ನೇ ಹೇಳಿದೆ. ಅತ್ತೆಯವರು, "ಕಾಡಿನ ಎಣ್ಣಿ ಅಂದ್ರ ಗಿಡಮೂಲಿಕೀದ ಇರಬೇಕಲ್ಲವಾ" ಎಂದು ಕೇಳಿದರು. ಹೌದು ಅಂದೆ! ಬಿ.ಎ., ಬಿ.ಎಡ್. ಮಾಡಿದವಳು, ಮಕ್ಕಳಿಗೆ ಪದದ ಅರ್ಥ ಬಿಡಿಸಿ ಹೇಳುವುದೇ ಉದ್ಯೋಗವಾದವಳು, ಆ ಒಂದು ಪದದ ಅರ್ಥವನ್ನು ನಾನು ಹುಡುಕಲಿಲ್ಲ.

2016ರಲ್ಲಿ ಒಮ್ಮೆ ಬಿಡಿ ಪಟ್ಟಿ ಸಿಗದೆ ಇಡೀ ಡಬ್ಬಿ ತಂದೆ. ಡಬ್ಬಿಯ ಮೇಲೆ ಮೀನಿನ ಚಿತ್ರವಿತ್ತು. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ. ಕಾಡ್ ಎಂದರೆ ಉತ್ತರ ಅಟ್ಲಾಂಟಿಕದ ತಣ್ಣೀರಿನಲ್ಲಿರುವ ಒಂದು ಮೀನು. ಹೊರಗಿನ ಮೆತ್ತನೆಯ ಹೊದಿಕೆ ಜಿಲೆಟಿನ್, ಅಂದರೆ ಪ್ರಾಣಿಗಳ ಎಲುಬು ಚರ್ಮ ಬೇಯಿಸಿ ತೆಗೆದದ್ದು. ನನ್ನ ಕೈಕಾಲು ತಣ್ಣಗಾದವು.

ಹೇಳಬೇಕೋ ಬೇಡವೋ? ನಮ್ಮ ಮನೆಯವರು "ಗೊತ್ತಿಲ್ಲದ್ದ ಆಗೇತಿ, ಗೊತ್ತಿಲ್ಲದಂಗ ಬಿಡು, ಮುದುಕಿ ಜೀವಕ್ಕ ಯಾಕ ಘಾಸಿ" ಅಂದರು. ಮೂರು ದಿನ ನನಗೆ ನಿದ್ದೆ ಬರಲಿಲ್ಲ. ಗುಳಿಗೆ ನಿಲ್ಲಿಸಿದರೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಸುಳ್ಳು ಹೇಳಬೇಕು. ಒಂದು ಸುಳ್ಳನ್ನು ಅರಿಯದೆ ಹೇಳಿಯಾಗಿತ್ತು. ಅರಿತು ಇನ್ನೊಂದು ಹೇಳುವುದು ನನ್ನಿಂದಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಹೇಳಿಬಿಟ್ಟೆ. ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀ ಓದಿದಾಕಿ ಇದ್ದಿ, ಓದಬೇಕಿತ್ತು" ಅಂದರು. ಅಷ್ಟೇ. ಮರುದಿನ ಬಸದಿಗೆ ಹೋಗಿ ಪ್ರಾಯಶ್ಚಿತ್ತ ಕೇಳಿಕೊಂಡು ಬಂದರು. ಏನು ತಗೊಂಡರೆಂದು ನನಗೆ ಹೇಳಲಿಲ್ಲ, ಆದರೆ ಆ ವರ್ಷವೆಲ್ಲ ಅವರ ತಾಟಿನಲ್ಲಿ ಬೆಲ್ಲ ಕಾಣಲಿಲ್ಲ.

ಔಷಧಕ್ಕೆ ಎಂಥ ಮಡಿ ಎಂದು ಕೇಳುವವರಿದ್ದಾರೆ. ಜೀವ ಉಳಿಸುವ ಔಷಧಕ್ಕೆ ಇಲ್ಲ, ಒಪ್ಪಿದೆ. ಆದರೆ ಇದು ಜೀವ ಉಳಿಸುವ ಔಷಧವೇ? ಮೊಣಕಾಲಿನ ಸವಕಳಿ ಈ ಎಣ್ಣೆಯಿಂದ ಕಡಿಮೆಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸಂಧಿವಾತದಲ್ಲಿ, ಅಂದರೆ ಕೀಲು ಬಾತು ಕೆಂಪಾಗುವ ಬೇರೆಯೇ ರೋಗದಲ್ಲಿ, ದಿನಕ್ಕೆ ಹಲವು ಗ್ರಾಂ ಮೀನಿನ ಎಣ್ಣೆ ಕೊಟ್ಟಾಗ ನೋವು ಸ್ವಲ್ಪ ಇಳಿದದ್ದುಂಟು. ನಾನು ಕೊಟ್ಟ ಗುಳಿಗೆಯಲ್ಲಿದ್ದದ್ದು ಅರ್ಧ ಗ್ರಾಮಿಗಿಂತ ಕಡಿಮೆ. ಅಂದರೆ ಒಬ್ಬ ಮುದುಕಿಯ ಅರವತ್ತು ವರ್ಷದ ವ್ರತ ಹೋಯಿತು, ಮೊಣಕಾಲು ಇದ್ದಲ್ಲೇ ಇತ್ತು. ಹೃದಯಕ್ಕೆ ಒಳ್ಳೆಯದೆಂದು ನುಂಗುವವರಿಗೂ ಒಂದು ಮಾತು. ಅಮೇರಿಕೆಯಲ್ಲಿ 25,871 ಜನರ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ನಡೆಸಿದ 'ವೈಟಲ್' ಎಂಬ ಪರೀಕ್ಷೆಯ ಫಲಿತಾಂಶ 2018ರಲ್ಲಿ ಹೊರಬಂತು. ಆರೋಗ್ಯವಂತರು ಮೀನಿನೆಣ್ಣೆಯ ಒಮೆಗಾ-3, ವಿಟಮಿನ್ ಡಿ ನುಂಗಿದ್ದರಿಂದ ಹೃದಯರೋಗವಾಗಲಿ ಕ್ಯಾನ್ಸರಾಗಲಿ ಒಟ್ಟಾರೆ ಗಣನೀಯವಾಗಿ ಕಡಿಮೆಯಾಗಲಿಲ್ಲ.

ತಪ್ಪು ತಿಳಿಯಬೇಡಿ, ನಾನು ಮೀನಿನ ವಿರೋಧಿಯಲ್ಲ. ನಮ್ಮ ಊರಿನಲ್ಲೇ ಹೊಳೆಯ ಮೀನು ತಿಂದು ಗಟ್ಟಿಮುಟ್ಟಾಗಿರುವ ಮನೆಗಳಿವೆ, ಅವರ ಅಡಿಗೆಮನೆಯ ತೀರ್ಪು ಹೇಳಲು ನಾನು ಯಾರು? ಅವರು ತಿನ್ನುವುದೇನೆಂದು ಅವರಿಗೆ ಗೊತ್ತು. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಸರಕಾರ ಆರಂಭಿಸಿದಾಗ ಎಷ್ಟು ಗದ್ದಲವಾಯಿತು! ಅಲ್ಲಿ ಮೊಟ್ಟೆ ಕಣ್ಣಿಗೆ ಕಾಣುತ್ತಿತ್ತು, ಬೇಡವೆಂದವರಿಗೆ ಬಾಳೆಹಣ್ಣು ಇತ್ತು. ಆ ಗದ್ದಲದ ಕಾಲದಲ್ಲಿ ನನ್ನೊಡನೆ ಜೋರಾಗಿ ವಾದಿಸಿದ ಒಬ್ಬ ತಾಯಿಯ ಮನೆಗೆ ಅರಿಷಿಣ-ಕುಂಕುಮಕ್ಕೆ ಹೋದರೆ, ಫ್ರಿಜ್ಜಿನ ಬಾಗಿಲಲ್ಲಿ ಮಗನ ಕಾಡ್ ಲಿವರ್ ಎಣ್ಣೆಯ ಬಾಟಲಿ. "ಬುದ್ಧಿ ಚುರುಕ ಆಗತೇತಂತರಿ" ಅಂದಳು. ಬಾಟಲಿಯಲ್ಲಿ ಬಂದರೆ, ಇಂಗ್ಲಿಷಿನಲ್ಲಿ ಬರೆದಿದ್ದರೆ, ನಮಗೆ ಎಲ್ಲವೂ ಶುದ್ಧ.

ಕಾಯಿದೆಯೂ ಇಲ್ಲಿ ಅರ್ಧ ಕಣ್ಣು ಮುಚ್ಚಿದೆ. ಆಹಾರ ಪೂರಕವೆಂದು ಮಾರುವ ಡಬ್ಬಿಗೆ ಸಸ್ಯಾಹಾರದ ಹಸಿರು ಚುಕ್ಕೆ ಅಥವಾ ಮಾಂಸಾಹಾರದ ಕಂದು ಗುರುತು ಇರಲೇಬೇಕು. ಔಷಧದ ಪರವಾನಗಿಯ ಮೇಲೆ ಮಾರುವುದಕ್ಕೆ ಆ ಕಡ್ಡಾಯವಿಲ್ಲ. ಗುರುತಿದ್ದರೂ ಅದು ಡಬ್ಬಿಯ ಮೇಲೆ. ಡಬ್ಬಿ ಅಂಗಡಿಯಲ್ಲಿ ಉಳಿಯುತ್ತದೆ, ಕತ್ತರಿಸಿದ ಪಟ್ಟಿ ನಮ್ಮ ಮನೆಗೆ ಬರುತ್ತದೆ.

ಈ ಎಣ್ಣೆಗೆ ಅದರದೇ ಆದ ಮಾನವಿಲ್ಲವೆಂದಲ್ಲ. ಇಂಗ್ಲೆಂಡಿನ ಹೊಗೆ ಕವಿದ ಊರುಗಳಲ್ಲಿ ಬಿಸಿಲು ಕಾಣದ ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತಿದ್ದವು. 1919ರ ಹೊತ್ತಿಗೆ ಮೆಲ್ಲನ್‌ಬಿ ಎಂಬ ವಿಜ್ಞಾನಿ ನಾಯಿಮರಿಗಳ ಮೇಲೆ ಪ್ರಯೋಗ ಮಾಡಿ ಆ ರೋಗವನ್ನು ಕಾಡ್ ಎಣ್ಣೆ ತಡೆಯುತ್ತದೆಂದು ತೋರಿಸಿದ. 1922ರಲ್ಲಿ ಅಮೇರಿಕೆಯ ಮೆಕಾಲಮ್ ಆ ಎಣ್ಣೆಯನ್ನು ಕಾಯಿಸಿ, ಗಾಳಿ ಹಾಯಿಸಿ, ಅದರ 'ಎ' ಜೀವಸತ್ವ ನಾಶಮಾಡಿದ ಮೇಲೂ ಎಲುಬಿನ ರೋಗ ವಾಸಿಯಾಗುವುದನ್ನು ಕಂಡು, ಒಳಗೆ ಇನ್ನೊಂದು ಸತ್ವವಿದೆಯೆಂದು ಹೇಳಿದ. ಅದೇ ವಿಟಮಿನ್ ಡಿ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಸರಕಾರ ಚಿಕ್ಕ ಮಕ್ಕಳಿಗೆಲ್ಲ ಈ ಎಣ್ಣೆ ಕುಡಿಸಿತು. ಸೂರ್ಯನೇ ಮುಖ ತೋರಿಸದ ದೇಶಕ್ಕೆ ಅದು ಬೇಕಿತ್ತು. ನಮಗೇನು ಬಂದಿದೆ? ಭೋಜದಲ್ಲಿ ಮಾರ್ಚ್ ತಿಂಗಳಲ್ಲಿ ಒಂದು ತಾಸು ಅಂಗಳದಲ್ಲಿ ನಿಂತು ನೋಡಿ.

ಆದರೂ ನಮ್ಮ ಹೆಣ್ಣುಮಕ್ಕಳಲ್ಲಿ 'ಡಿ' ಕಡಿಮೆ, ಅದೂ ನಿಜ. ನಿಪ್ಪಾಣಿಯ ಕಡೆ ಬೀಡಿ ಕಟ್ಟುವವರು ದಿನವಿಡೀ ನೆರಳಿನಲ್ಲಿ ಕೂತೇ ಇರುತ್ತಾರೆ. ಪೇಟೆಯಲ್ಲಿರುವ ನಾವು ಮೈಬಣ್ಣ ಕೆಡುತ್ತದೆಂದು ಬಿಸಿಲಿಗೆ ಹೆದರುತ್ತೇವೆ. ಎಳೆ ಬಿಸಿಲಿನಲ್ಲಿ ಕೂತರೆ ಸಾಕೆಂದು ಎಲ್ಲರೂ ಹೇಳುವುದು ಕೂಡ ಅರ್ಧ ಸತ್ಯ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣ ಎಳೆ ಬಿಸಿಲಿನಲ್ಲಿ ತೀರ ಕಡಿಮೆ, ಸೂರ್ಯ ನೆತ್ತಿಯ ಹತ್ತಿರ ಬಂದ ಹನ್ನೊಂದರಿಂದ ಎರಡರವರೆಗೆ ಹೆಚ್ಚು. ಸಂಡಿಗೆ ಹಪ್ಪಳ ಒಣಗಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಪುಕ್ಕಟೆ ಸಿಗುತ್ತಿತ್ತು.

ಇನ್ನು ಅಪಾಯದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮೀನಿನ ಎಣ್ಣೆ ಬೇರೆ, ಮೀನಿನ ಪಿತ್ತಜನಕಾಂಗದ ಎಣ್ಣೆ ಬೇರೆ. ಮೊದಲನೆಯದು ಮೈಯ ಎಣ್ಣೆ, ಅದರಲ್ಲಿ ಮುಖ್ಯವಾಗಿ ಒಮೆಗಾ-3. ಎರಡನೆಯದರಲ್ಲಿ ಅದರ ಜೊತೆಗೆ ಎ ಮತ್ತು ಡಿ ಜೀವಸತ್ವ ದಂಡಿಯಾಗಿರುತ್ತವೆ. ಶುದ್ಧ ಕಾಡ್ ಲಿವರ್ ಎಣ್ಣೆಯ ಒಂದು ಚಹಾ ಚಮಚೆಯಲ್ಲಿ ಸುಮಾರು 4,500 ಯೂನಿಟ್ 'ಎ', 450 ಯೂನಿಟ್ 'ಡಿ' ಇರುತ್ತವೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನವೂ ಈ ಬಗೆಯ 'ಎ' 2,000 ಯೂನಿಟ್ ಮೀರಬಾರದು, ನಾಲ್ಕರಿಂದ ಎಂಟರ ಮಗುವಿಗೆ 3,000, ದೊಡ್ಡವರಿಗೆ 10,000. ಹಾಗಾದರೆ ಮೂರು ವರ್ಷದ ಕೂಸಿಗೆ ಪ್ರೀತಿಯಿಂದ ದಿನಾ ಒಂದು ಚಮಚೆ ಕುಡಿಸುವ ತಾಯಿ ಮಿತಿಯ ಎರಡು ಪಟ್ಟು ದಾಟಿದಳು. ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ, ಯಕೃತ್ತಿನಲ್ಲಿ ಕೂಡಿಕೊಳ್ಳುತ್ತದೆ. ತಲೆನೋವು, ವಾಂತಿ, ಚರ್ಮ ಒಣಗುವುದು, ಕೂದಲುದುರುವುದು, ಎಲುಬು ನೋವು ಕಾಣಿಸಿಕೊಳ್ಳುತ್ತವೆ. ಎಲುಬಿಗೆಂದು ಕೊಟ್ಟದ್ದೇ ಎಲುಬನ್ನು ಹಿಡಿಯುತ್ತದೆ. ಸರಕಾರದ ಕಾರ್ಯಕ್ರಮದಲ್ಲಿ ಒಂಬತ್ತನೆಯ ತಿಂಗಳಿಗೆ ಒಂದು ಲಕ್ಷ ಯೂನಿಟ್, ಮುಂದೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ ಯೂನಿಟ್ 'ಎ' ಜೀವಸತ್ವದ ಸಿರಪ್ಪು ಕೂಸಿಗೆ ಸಿಗುತ್ತದೆ. ಅಂಗನವಾಡಿಯ ಹನಿ ಹಾಕಿಸಿದ್ದೀರೆಂದು ಡಾಕ್ಟರಿಗೆ ಹೇಳದೆ ಮನೆಯಲ್ಲಿ ಬಾಟಲಿ ತೆರೆಯಬೇಡಿ. ಗಜ್ಜರಿ, ನುಗ್ಗೆ ಸೊಪ್ಪು, ಪಪ್ಪಾಯಿಯಿಂದ ಈ ಭಯವಿಲ್ಲ. ಅವುಗಳಲ್ಲಿರುವುದನ್ನು ಮೈ ತನಗೆ ಬೇಕಾದಷ್ಟೇ 'ಎ' ಆಗಿ ಮಾಡಿಕೊಳ್ಳುತ್ತದೆ.

ಬಸಿರಿಯರಿಗಂತೂ ಕಾಡ್ ಲಿವರ್ ಎಣ್ಣೆ ಸಲ್ಲದು. 'ಎ' ಅತಿಯಾದರೆ ಹೊಟ್ಟೆಯ ಕೂಸಿನ ಅಂಗ ಕೆಡಬಹುದು. ಬ್ರಿಟನ್ನಿನಲ್ಲಿ, ಈ ಎಣ್ಣೆಯನ್ನು ಮನೆಮನೆಗೆ ಹಂಚಿದ ಅದೇ ದೇಶದಲ್ಲಿ, ಇಂದು ಬಸಿರಿಯರಿಗೆ ಇದು ಬೇಡವೆಂದು ಸರಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ. ನಮ್ಮಲ್ಲಿ ಬಯಕೆಯ ಊಟಕ್ಕೆ ಬಂದ ಸೋದರತ್ತೆ "ಕೂಸಿಗೆ ಶಕ್ತಿ" ಎಂದು ಡಬ್ಬಿ ತಂದುಕೊಡುತ್ತಾಳೆ! ಮೊಡವೆಗೆಂದು ಐಸೊಟ್ರೆಟಿನಾಯಿನ್ ಗುಳಿಗೆ ನುಂಗುತ್ತಿರುವ ಹುಡುಗಿಯರೂ ಇದನ್ನು ಮುಟ್ಟಬಾರದು, ಅದೂ 'ಎ' ಜೀವಸತ್ವದ ಕುಲದ್ದೇ. ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು, ಯಕೃತ್ತಿನ ರೋಗದವರು ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಇನ್ನು ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ಟಿನ 'ಡಿ' ಪುಡಿಯನ್ನು ದಿನಕ್ಕೊಂದು ಕಲಸಿ ಕುಡಿಯುವವರನ್ನು ನಾನೇ ನೋಡಿದ್ದೇನೆ. ರಕ್ತದಲ್ಲಿ ಸುಣ್ಣ ಏರಿ ಮೂತ್ರಪಿಂಡ ಕೆಡಲು ಅಷ್ಟು ಸಾಕು.

ಡಾಕ್ಟರು ಹೇಳಿ, ನಿಮಗೆ ನಡೆಯುವುದಾದರೆ, ತಗೊಳ್ಳಿ. ಆಗ ಬಿಡಿ ಪಟ್ಟಿ ಬೇಡ, ಡಬ್ಬಿಯನ್ನೇ ಕೇಳಿ. ಒಂದು ಗುಳಿಗೆಯಲ್ಲಿ ಎ ಎಷ್ಟು, ಡಿ ಎಷ್ಟು, ಒಮೆಗಾ-3 ಎಷ್ಟು ಎಂದು ನೋಡಿ, ಮನೆಯಲ್ಲಿರುವ ಬೇರೆ ಶಕ್ತಿಗುಳಿಗೆಯ ಲೆಕ್ಕದೊಡನೆ ಕೂಡಿಸಿ. ಅವಧಿಯ ತಾರೀಖು ನೋಡಿ. ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಮುಗ್ಗಲು ನಾತ ಬಂದ ಎಣ್ಣೆಯನ್ನು ರೊಕ್ಕ ಕೊಟ್ಟಿದ್ದೇನೆಂದು ಕುಡಿಯಬೇಡಿ. ಖಾಲಿ ಹೊಟ್ಟೆಗಿಂತ ಊಟದ ಜೊತೆ ನುಂಗಿದರೆ ಮೈಗೆ ಹತ್ತುತ್ತದೆ.

ನಡೆಯದವರಿಗೂ ದಾರಿ ಇಲ್ಲದಿಲ್ಲ. ಮೀನಿಗೆ ಆ ಒಮೆಗಾ-3 ಬರುವುದು ಕಡಲಿನ ಪಾಚಿಯಿಂದ. ಪಾಚಿಯಿಂದಲೇ ತೆಗೆದ ಎಣ್ಣೆ, ಸಸ್ಯಮೂಲದ ಹೊದಿಕೆಯ ಗುಳಿಗೆ ಈಗ ಸಿಗುತ್ತವೆ, ತುಟ್ಟಿ. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನದು, ಕಲ್ಲುಹೂವಿನ ಜಾತಿಯಿಂದ ತೆಗೆದದ್ದೂ ಇದೆ. ನಮ್ಮ ಅಗಸಿ ಹಿಂಡಿ ಇದ್ದೇ ಇದೆ. ಅಗಸಿಯ ಒಮೆಗಾ-3ರಲ್ಲಿ ಮೀನಿನದಕ್ಕೆ ಸಮನಾಗಿ ಬದಲಾಗುವುದು ಸ್ವಲ್ಪವೇ ಪಾಲು, ಅದನ್ನು ಮುಚ್ಚಿಟ್ಟು ಅಗಸಿಯನ್ನು ಹೊಗಳಿದರೆ ನಾನೂ ಆ ಅಂಗಡಿಯ ಹುಡುಗನಂತೆಯೇ ಆದೇನು.

ಅತ್ತೆಯವರು ಈಗಿಲ್ಲ. ಮೊನ್ನೆ ಅದೇ ಅಂಗಡಿಗೆ ಥರ್ಮಾಮೀಟರ್ ತರಲು ಹೋಗಿದ್ದೆ. ಆ ಹುಡುಗ ಈಗ ಎರಡು ಮಕ್ಕಳ ತಂದೆ. ನನ್ನ ಮುಂದೆ ನಿಂತ ಹೆಣ್ಣುಮಗಳು ಹಳದಿ ಗುಳಿಗೆ ಕೇಳಿದಳು. ಅವನು ಓರೆಗಣ್ಣಿನಿಂದ ನನ್ನನ್ನು ನೋಡಿ, "ಅಕ್ಕಾರ, ಮೀನಿಂದ ಐತ್ರಿ ಇದು, ನಡೀತೇತಿ?" ಎಂದು ಕೇಳಿದ. ಅವಳು ನಕ್ಕು, "ಶುಕ್ರವಾರ ಒಂದ ಬಿಟ್ಟು ಎಲ್ಲಾ ದಿನ ನಡೀತೇತಿ, ಕೊಡಪಾ" ಅಂದಳು. ಕತ್ತರಿಯನ್ನು ಬದಿಗಿಟ್ಟು ಅವನು ಇಡೀ ಡಬ್ಬಿಯನ್ನೇ ಅವಳ ಕೈಗೆ ಕೊಟ್ಟ.